ದುಂಡಪ್ಪನ ಕೈ, ಗೌಡರ ಹಿಂದಿನ ಬ್ರೇಕು

ಮರಿಯಪ್ಪಗೌಡರ ಜರ್ಮನ್ ಕಾರು ದುಂಡಪ್ಪನ ಗ್ಯಾರೇಜಿನ ಮುಂದೆ ಬಂದು ನಿಂತದ್ದು ಬೆಳಿಗ್ಗೆ ಎಂಟೂವರೆಗೆ, ಇನ್ನೂ ಬೋಣಿ ಆಗುವುದಕ್ಕೆ ಮುಂಚೆ. ಎಡವಟ್ಟಾದದ್ದೇ ಅಲ್ಲಿ. ಹತ್ತು ಗಂಟೆಗೆ ಬಂದಿದ್ದರೆ, ಅಷ್ಟರಲ್ಲಿ ಯಾವುದೋ ಆಟೋದ ಕ್ಲಚ್ ಕೇಬಲ್ಲೋ ಹಳೇ ಮಾರುತಿಯ ಪ್ಲಗ್ಗೋ ಆಗಿಹೋಗಿದ್ದರೆ, ದುಂಡಪ್ಪ ಸೊಂಟ ಹಿಡಿದಿದೆ ಅಂತಲೋ ಜಾಕಿ ರಿಪೇರಿಗೆ ಹೋಗಿದೆ ಅಂತಲೋ ಒಂದು ನೆವ ಹೇಳಿ ಬಚಾವಾಗುತ್ತಿದ್ದ. ದಿನದ ಮೊದಲ ಗಿರಾಕಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವುದು ಮಾತ್ರ ಅವನಿಂದ ಆಗುವ ಕೆಲಸವಲ್ಲ. ಬಾಗಲಕೋಟೆ ಸೀಮೆಯಿಂದ ಬಂದು ಹದಿನಾಲ್ಕು ವರ್ಷ ಈ ಊರಿನಲ್ಲಿ ಪಾನಾ ತಿರುಗಿಸಿದವನು, ಏನೆಲ್ಲ ಬಿಟ್ಟಿದ್ದರೂ ಅದೊಂದನ್ನು ಬಿಟ್ಟಿರಲಿಲ್ಲ.

ಅದೂ ಅಲ್ಲದೆ ಬಂದವರು ಬೇರೆ ಯಾರೋ ಅಲ್ಲ, ಶೆಡ್ಡಿನ ಮಾಲೀಕರು. ಮಲ್ಲತ್ತಹಳ್ಳಿಯಿಂದ ಶ್ರೀಗಂಧದ ಕಾವಲ್ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ದುಂಡಪ್ಪನ ತಗಡಿನ ಶೆಡ್ಡು ನಿಂತಿದ್ದ ಜಾಗದಲ್ಲಿ ಮರಿಯಪ್ಪಗೌಡರ ತಂದೆ ರಾಗಿ ಬೆಳೆಯುತ್ತಿದ್ದರು. ಸುತ್ತಲಿನ ಹೊಲವೆಲ್ಲ ಬಡಾವಣೆಯಾಗಿ, ಬಡಾವಣೆಯೆಲ್ಲ ಮೂರು ಮಹಡಿಯ ಮನೆಗಳಾಗಿ, ಉಳಿದದ್ದು ಈ ಮೂಲೆ ಸೈಟು. ಅದರ ಮೇಲೆ ಒಬ್ಬ ಬೇಕರಿಯವನ ಕಣ್ಣು ಬಿದ್ದಿದೆ ಎಂದು ಗೌಡರೇ ಎರಡು ತಿಂಗಳಿಂದ ಮಾತಿಗೆ ಮುಂಚೆ ಹೇಳುತ್ತಿದ್ದರು. ದುಂಡಪ್ಪನ ಹನ್ನೊಂದು ತಿಂಗಳ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಶೆಡ್ಡು ಹೋದರೆ ಇನ್ನೊಂದು ಕಡೆ ಗಿರಾಕಿ ಕಟ್ಟಿಕೊಳ್ಳುವುದಕ್ಕೆ ನಲವತ್ತಾರರ ದುಂಡಪ್ಪನಿಗೆ ಮೈಯಲ್ಲಿ ಕಸುವಿದ್ದರೂ ಮನಸ್ಸಿನಲ್ಲಿ ಇರಲಿಲ್ಲ. ಆ ಶೆಡ್ಡು ಅವನಿಗೆ ಬೇಕಿತ್ತು. ಅಷ್ಟೇ ವಿಷಯ.

ಗೌಡರು ಕಾರಿನಿಂದ ಇಳಿದು, ಇಳಿದವರು ಮತ್ತೆ ಬಗ್ಗಿ ಒಳಗೆ ಕೈ ಹಾಕಿ, ಒಂದು ಬಟನ್ ಒತ್ತಿದರು. ಹಿಂದಿನ ಚಕ್ರದ ಹತ್ತಿರ ಝೀಂಯ್ ಎಂದು ಸದ್ದಾಯಿತು. ಎರಡು ವರ್ಷದ ಹಿಂದೆ, ಎರಡು ಸಾವಿರದ ಏಳರಲ್ಲಿ, ಆ ಕಾರು ಕೊಂಡಾಗಿನಿಂದ ಗೌಡರು ಮನೆಗೆ ಬಂದ ನೆಂಟರಿಗೆಲ್ಲ ಕಾಫಿಗೆ ಮುಂಚೆ ಕೇಳಿಸುತ್ತಿದ್ದ ಸದ್ದು ಅದು.

"ಕೇಳಿಸ್ತೇನಯ್ಯ? ಇದರಲ್ಲಿ ಹ್ಯಾಂಡ್‌ಬ್ರೇಕು ಎಳೆಯೋಂಗಿಲ್ಲ. ಬಟನ್ನು. ಕರೆಂಟಲ್ಲಿ ಹಿಡಿಯೋದು" ಎಂದರು.

"ಕೇಳಿಸ್ತರಿ ಗೌಡ್ರ" ಎಂದ ದುಂಡಪ್ಪ. ಅವನಿಗೆ ಅದನ್ನು ಕೇಳಿಸಿದ್ದು ಇದು ಐದನೆಯ ಸಲ.

"ಹಿಂದಿನ ಬ್ರೇಕ್ ಪ್ಯಾಡು ಸವೆದೋಗವೆ. ಬೋರ್ಡಲ್ಲಿ ಹಳದಿ ದೀಪ ಬರ್ತಾ ಐತೆ. ನಮ್ಮ ಭಾಮೈದ ದೊಡ್ಡಹನುಮಯ್ಯನ ತಾವ ಹೋಗಿದ್ದೆ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ದೊಡ್ಡ ವರ್ಕ್‌ಶಾಪ್ ಮಡಗವ್ನಲ್ಲ, ಅವನೇ. ಏನಂದ ಗೊತ್ತಾ? 'ಭಾವ, ಇದು ಕಂಪ್ಯೂಟರ್ ಕೆಲಸ, ಕ್ಯೂ ಐತೆ, ಮೂರು ದಿನ ಬಿಟ್ಟು ಬನ್ನಿ.' ನನಗೆ! ಅವನ ಮದುವೆಗೆ ಚಪ್ಪರ ಹಾಕ್ಸಿದೋನು ನಾನು. ಕಂಪ್ಯೂಟರಂತೆ! ಹಿಂದೆ ಕಂಪ್ಯೂಟರ್ ಇಟ್ಕಂಡು ಬ್ರೇಕು ಮಾಡ್ತಿದ್ರಾ? ನಿನ್ನ ಕೈಲಿ ಆಗ್ತದೆ ಅಲ್ವಾ?"

ಬ್ರೇಕು ಎಂದರೆ ದುಂಡಪ್ಪ, ದುಂಡಪ್ಪ ಎಂದರೆ ಬ್ರೇಕು ಎಂದು ಅನ್ನಪೂರ್ಣೇಶ್ವರಿ ನಗರದವರೆಗೂ ಹೆಸರಿತ್ತು. ಆದರೆ ಕರೆಂಟಿನಲ್ಲಿ ಹಿಡಿಯುವ ಬ್ರೇಕನ್ನು ಅವನು ಬಿಚ್ಚುವುದಿರಲಿ, ಹತ್ತಿರದಿಂದ ನೋಡಿಯೂ ಇರಲಿಲ್ಲ. ಹಾಗಂತ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೋಣಿ, ಮಾಲೀಕ, ಬೇಕರಿ, ಮೂರೂ ಎದುರಿಗೆ ನಿಂತಿರುವಾಗ ಯಾವ ಗಂಡಸಿನ ಬಾಯಲ್ಲಿ ಅಂಥ ಮಾತು ಬಂದೀತು?

"ಆಗ್ದ ಏನ್ರಿ. ಬ್ರೇಕ ಬ್ರೇಕೇ" ಎಂದ.

"ಐದು ಗಂಟೆಗೆ ಬತ್ತೀನಿ. ಕಾರು ರೆಡಿ ಇರ್ಲಿ. ಆಮೇಲೆ ನಿನ್ನ ಶೆಡ್ಡಿನ ಮಾತು ಆಡ್ಮ" ಎಂದು ಗೌಡರು ಕೀ ಕೊಟ್ಟು, ಕಾರು ಬಿಟ್ಟು ನಡೆದು ಹೋಗಬೇಕಾದ ಅಪಮಾನಕ್ಕೆ ಪಂಚೆ ಕೊಡವಿಕೊಂಡು ಹೊರಟರು.

ದುಂಡಪ್ಪ ಸಹಾಯಕ್ಕೆ ಯಾರನ್ನೂ ಇಟ್ಟುಕೊಂಡವನಲ್ಲ. ಬ್ರೇಕಿನ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಟ್ಟು ರಾತ್ರಿ ನಿದ್ದೆ ಮಾಡುವ ಜಾತಿಯಲ್ಲ ಅವನು. ಅದೇ ಬಟನ್ ಇನ್ನೊಮ್ಮೆ ಒತ್ತಿ ಬ್ರೇಕು ಬಿಡಿಸಿದ. ಮುಂದಿನ ಚಕ್ರಗಳಿಗೆ ಕಟ್ಟಿಗೆ ತುಂಡು ಕೊಟ್ಟು, ಹಿಂದೆ ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹಿಡಿದುಕೊಳ್ಳುವ ಕಬ್ಬಿಣದ ಹಿಡಿಯನ್ನು, ಅಂದರೆ ಕ್ಯಾಲಿಪರನ್ನು, ಕಳಚಿದ. ಪ್ಯಾಡು ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಅಲ್ಲಿಯವರೆಗೆ ಎಲ್ಲ ಪರಿಚಯದ್ದೇ. ಆದರೆ ಕ್ಯಾಲಿಪರಿನ ಬೆನ್ನಿಗೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಅಂಟಿಕೊಂಡಿತ್ತು, ಅದರಿಂದ ವೈರು ಹೊರಟಿತ್ತು. ಝೀಂಯ್ ಅನ್ನುವ ಮೋಟರು ಇದೇ ಇರಬೇಕು ಎಂದುಕೊಂಡ.

ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಇದು ಎಲ್ಲ ಕಾರಿಗೂ ಇರುವ ನಿಯಮ. ದುಂಡಪ್ಪ ಕ್ಲ್ಯಾಂಪು ಸಿಕ್ಕಿಸಿ ತಿರುಗಿಸಿದ. ಪಿಸ್ಟನ್ನು ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಅರ್ಧ ಸುತ್ತು ಕೊಟ್ಟ. ಕ್ಲ್ಯಾಂಪಿನ ಹಿಡಿಯಿಂದ ಅಂಗೈಗೆ ಒಂದು ಬಿಗಿತ ಬಂತು, ತುಕ್ಕಿನದ್ದಲ್ಲ, ಕಸದ್ದಲ್ಲ, ಒಳಗೆ ಯಾರೋ ಅಗುಳಿ ಹಾಕಿಕೊಂಡು ಕೂತಂಥದ್ದು. ಅವನ ಜಾಗದಲ್ಲಿ ಹತ್ತು ಜನ ಮೆಕ್ಯಾನಿಕ್ಕುಗಳಿದ್ದರೆ ಒಂಬತ್ತು ಜನ ಪೈಪು ತೂರಿಸಿ ಇನ್ನೂ ಬಲವಾಗಿ ತಿರುಗಿಸುತ್ತಿದ್ದರು. ದುಂಡಪ್ಪ ನಿಲ್ಲಿಸಿದ. ಕ್ಲ್ಯಾಂಪು ಬಿಚ್ಚಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡ. ಇಡೀ ವಾರದಲ್ಲಿ ಅವನು ಮಾಡಿದ ಅತ್ಯುತ್ತಮ ಕೆಲಸ ಅದೇ. ಅದನ್ನು ನೋಡಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಸ್ಕೂಟರ್ ಹತ್ತಿ ಜೆ.ಸಿ. ರಸ್ತೆಗೆ ಹೋಗಿ, ಬಿಡಿಭಾಗದ ಅಂಗಡಿಯಲ್ಲಿ ಪ್ಯಾಡು ಕೇಳಿದ. ಅಂಗಡಿಯವನು ಪ್ಯಾಡಿನ ಜೊತೆಗೆ ಒಂದು ಕೇಬಲ್ಲು, ಒಂದು ಸಿಡಿ ತಂದಿಟ್ಟ.

"ಇದೇನ್ರಿ?"

"ಇದಿಲ್ದೆ ಆ ಕಾರಿನ ಹಿಂದಿನ ಬ್ರೇಕ್ ಮುಟ್ಬೇಡಿ ಸಾರ್. ಪಿಸ್ಟನ್ನ ಒಳಗಿಂದ ಮೋಟರ್ ಹಿಡ್ಕೊಂಡಿರುತ್ತೆ. ಕೇಬಲ್ಲನ್ನ ಕಾರಿಗೂ ಕಂಪ್ಯೂಟರಿಗೂ ಹಾಕಿ, ಕಂಪ್ಯೂಟರಿಂದ ಹೇಳಿದ್ರೆ ಮೋಟರು ಹಿಂದಕ್ಕೆ ಹೋಗುತ್ತೆ. ಪ್ಯಾಡ್ ಹಾಕಿ, ಮತ್ತೆ ಕಂಪ್ಯೂಟರಿಂದಲೇ ವಾಪಸ್ ತರ್ಸಬೇಕು. ನಿಮ್ಮತ್ರ ಲ್ಯಾಪ್‌ಟಾಪ್ ಇದೆ ತಾನೆ?"

"ಐತ್ರಿ" ಎಂದ ದುಂಡಪ್ಪ. ಅವನ ಹತ್ತಿರ ಇದ್ದದ್ದು ಒಂದು ಕ್ಯಾಲ್ಕುಲೇಟರು.

ಲ್ಯಾಪ್‌ಟಾಪ್ ಇದ್ದದ್ದು ಪಕ್ಕದ ಅಂಗಡಿಯ ಚೇತನಾಳ ಹತ್ತಿರ. ಗದಗಿನ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಹತ್ತಡಿ ಮಳಿಗೆಯಲ್ಲಿ ಜೆರಾಕ್ಸ್ ಮೆಷಿನ್ ಇಟ್ಟುಕೊಂಡು, ಜ್ಞಾನಭಾರತಿಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟುಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಟೈಪು ಮಾಡುವಾಗ ಅವರು ಬರೆದ ತಪ್ಪುಗಳನ್ನು ಸದ್ದಿಲ್ಲದೆ ತಿದ್ದುತ್ತಿದ್ದಳು. ಎಷ್ಟೋ ಮಂದಿ ಅವಳ ದಯೆಯಿಂದ ಪಾಸಾಗಿ, ಹೋಗುವಾಗ ಪುಟಕ್ಕೆ ಎಂಟಾಣೆ ಕಡಿಮೆ ಮಾಡಿ ಆಂಟಿ ಎಂದು ಜಗಳ ಆಡಿ ಹೋಗುತ್ತಿದ್ದರು. ಗಿರಾಕಿಗಳ ಹತ್ತಿರ ಬೆಂಗಳೂರಿನ ಮಾತು, ದುಂಡಪ್ಪನ ಹತ್ತಿರ ಮಾತ್ರ ಊರ ಮಾತು.

ದುಂಡಪ್ಪ ಕೇಬಲ್ಲನ್ನು ಮೇಜಿನ ಮೇಲಿಟ್ಟು, "ತಂಗಿ, ಒಂದ್ ಸಣ್ಣ ಕೆಲಸ ಇತ್ತು" ಎಂದ. ವಿಷಯ ಕೇಳಿ ಅವಳು ಸ್ವಲ್ಪ ಹೊತ್ತು ಸಿಡಿ ಹಾಕಿ ಓದಿದಳು. ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೇನೋ ಬಂತು. ಅವಳು ಒಂದನ್ನೂ ಬಿಡದೆ ಓದಿ, ಎರಡು ಪುಟ ಪ್ರಿಂಟು ತೆಗೆದುಕೊಂಡು, ಅಂಗಡಿಗೆ ಅರ್ಧ ಬಾಗಿಲು ಎಳೆದು ಬಂದಳು.

"ಅಣ್ಣಾ, ಇಲ್ಲೆ ಬರದಾರ ನೋಡ್ರಿ. ಮೋಟರ್ ಹಿಂದಕ್ಕ ಕಳಸದ ಪಿಸ್ಟನ್ ಒತ್ತಿದ್ರ ಒಳಗಿನ ಹಲ್ಲು ಮುರೀತಾವಂತ. ನೀವು ಒತ್ತಿಲ್ಲ ಹೌದಲ್ಲ?"

"ಒಂದೂವರೆ ಸುತ್ತ ಒತ್ತಿದ್ದೆ. ಯಾಕೋ ಸರಿ ಬರಲಿಲ್ಲ, ಬಿಟ್ಟೆ."

"ಯಾರೂ ಹೇಳದ ಬಿಟ್ರಿ?"

"ಕೈಗೆ ತಿಳೀತು."

ಅವಳು ಅವನನ್ನು ಒಂದು ಕ್ಷಣ ನೋಡಿದಳು. "ಭಾಳ ಚಲೋ ಮಾಡಿದ್ರಿ" ಎಂದಳು. ದುಂಡಪ್ಪನಿಗೆ ಹದಿನಾಲ್ಕು ವರ್ಷದಲ್ಲಿ ಸಿಕ್ಕಿದ ಸರಿಯಾದ ಶಾಭಾಸ್ ಇದೊಂದೇ ಇರಬೇಕು. ಆದರೆ ಆಗ ಅದು ಅವನ ತಲೆಗೆ ಹೋಗಲಿಲ್ಲ, ಗಡಿಯಾರ ಮೂರು ತೋರಿಸುತ್ತಿತ್ತು.

ಚೇತನಾ ಸ್ಟಿಯರಿಂಗ್ ಮುಂದೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಕೇಬಲ್ಲನ್ನು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿದಳು. ನಡುವೆ ಕಾರಿನ ಬ್ಯಾಟರಿ ಇಳಿಯಬಾರದಂತೆ ಎಂದು ಅವಳು ಹೇಳಿದ ಮೇಲೆ ದುಂಡಪ್ಪ ಚಾರ್ಜರು ಹಚ್ಚಿದ. ಕೀ ತಿರುಗಿತು. ಅವಳು ಒಂದೊಂದೇ ಸಾಲು ಓದುತ್ತಾ, ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ, "ಪಾರ್ಕಿಂಗ್ ಬ್ರೇಕ್... ಪ್ಯಾಡ್ ಬದಲಿ ಮಾಡೂದು... ಶುರು ಮಾಡ್ಲೇನ್ರಿ?" ಎಂದು ಕೇಳಿದಳು.

"ಮಾಡವ್ವಾ."

ಕ್ಲಿಕ್ ಎಂದಿತು. ಝೀಂಯ್ ಎಂಬ ಸದ್ದು ಈ ಸಲ ಉದ್ದಕ್ಕೆ, ಸೋತವರ ಹಾಗೆ ಇಳಿಯುತ್ತಾ ಹೋಗಿ ನಿಂತಿತು. ದುಂಡಪ್ಪ ಕ್ಲ್ಯಾಂಪು ಹಾಕಿದ. ಪಿಸ್ಟನ್ನು ತಾನಾಗಿಯೇ ದಾರಿ ಬಿಟ್ಟುಕೊಂಡು ಒಳಗೆ ಸರಿಯಿತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಕಾರಿನ ಕೆಳಗಿನಿಂದಲೇ "ಹೋತ್ ನೋಡು, ಹೋತ್!" ಎಂದು ಕೂಗಿದ. ಎರಡೂ ಬದಿಯ ಪ್ಯಾಡು ಕೂರಿಸಿ, ಜಾರುವ ಕಡೆ ಗ್ರೀಸು ಸವರಿ, ಬೋಲ್ಟು ಬಿಗಿದ. ಇನ್ನು ಉಳಿದದ್ದು ಒಂದೇ, ಮೋಟರನ್ನು ವಾಪಸು ತಂದು ಪ್ಯಾಡಿಗೆ ತಾಗಿಸುವ ಕಡೆಯ ಕ್ಲಿಕ್ಕು.

ಅಷ್ಟರಲ್ಲಿ ಗೌಡರು ಬಂದರು. ಐದಕ್ಕೆ ಬರುತ್ತೇನೆ ಎಂದಿದ್ದವರು ನಾಲ್ಕಕ್ಕೇ. ಕಾರಿಲ್ಲದ ಮನೆಯಲ್ಲಿ ಅವರಿಗೆ ಹೊತ್ತು ಹೋಗಿರಲಿಲ್ಲ.

"ಇದ್ಯಾಕಯ್ಯ, ಈಯಮ್ಮ ನಮ್ಮ ಕಾರಲ್ಲಿ ಕೂತವ್ಳೆ? ತೊಡೆ ಮೇಲೆ ಅದೇನು, ಕಂಪ್ಯೂಟರಾ? ನೀನೂ ನಮ್ಮ ಭಾಮೈದನ ಜಾತಿಗೆ ಸೇರ್ಕಂಡ್ಯಾ?"

ದುಂಡಪ್ಪ ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ಕೂತಿದ್ದ. ಅಂಗೈ ಕ್ಯಾಲಿಪರಿನ ಮೇಲಿತ್ತು, ಪ್ಯಾಡು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ನೋಡುವುದಕ್ಕೆ. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದರ ಹಿಂದೆಯೇ ಬೇಕರಿಯವನ ಮುಖವೂ ಬಂತು.

"ಇಲ್ರಿ ಗೌಡ್ರ. ಅವ್ರು ಬಿಲ್ ಟೈಪ್ ಮಾಡಾಕ ಬಂದಾರ. ಹೊರಗ ಬಿಸಲು, ಅದಕ್ಕ ಒಳಗ ಕುಂತಾರ."

ಚೇತನಾ ಕಿಟಕಿಯಿಂದ ತಲೆ ಹೊರಹಾಕಿ ದುಂಡಪ್ಪನನ್ನು ನೋಡಿದಳು. ಅವನು ಗ್ರೀಸಿನ ಡಬ್ಬಿಯನ್ನು ನೋಡಿದ. ಅವಳು ತಲೆ ಒಳಗೆಳೆದುಕೊಂಡು, ಓದಬೇಕಾದ ಸಾಲನ್ನು ಇನ್ನೊಮ್ಮೆ ಓದಿ, ಕ್ಲಿಕ್ ಮಾಡಿದಳು.

ಝೀಂಯ್! ದುಂಡಪ್ಪನ ಅಂಗೈಯಡಿಯಲ್ಲಿ ಬ್ರೇಕು ಮಿಸುಕಿ, ಬಿಗಿದು, ಸಡಿಲಾಗಿ, ಮತ್ತೆ ಬಿಗಿಯಿತು.

ಗೌಡರು ನಿಂತಲ್ಲೇ ನಿಂತರು. ಅವರು ಕಂಡದ್ದು ಇಷ್ಟು: ಬಟನ್ನಿನ ಹತ್ತಿರ ಯಾರೂ ಕೈ ಹಾಕಿಲ್ಲ, ದುಂಡಪ್ಪ ಕೈ ಇಟ್ಟುಕೊಂಡು ಕೂತಿದ್ದಾನೆ, ಬ್ರೇಕು ಮಾತಾಡಿತು.

"ಎಲಾ ಇವನ! ಕೈ ಇಟ್ಟೇಟ್ಗೆ ಕೂಗ್ತು!"

ದುಂಡಪ್ಪ ಅಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಮೆಲ್ಲಗೆ ನಕ್ಕ. ಆ ನಗು ಅವನಿಗೆ ಎಷ್ಟು ದುಬಾರಿ ಎಂದು ಗೊತ್ತಾಗುವುದಕ್ಕೆ ಇನ್ನೂ ನಾಲ್ಕು ದಿನ ಇತ್ತು.

ಚಕ್ರ ಹಾಕಿ, ಹೊರವರ್ತುಲ ರಸ್ತೆಯ ಏರಿನಲ್ಲಿ ಕಾರು ನಿಲ್ಲಿಸಿ ಬಟನ್ ಒತ್ತಿದರೆ ಕಾರು ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಹಳದಿ ದೀಪ ಆರಿತ್ತು. ಗೌಡರು ದುಂಡಪ್ಪನ ಕೈಯನ್ನು, ಗ್ರೀಸಿನ ಸಮೇತ, ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿನ್ನ ಶೆಡ್ಡಿನ ಚಿಂತೆ ನನಗೆ ಬಿಡಯ್ಯ. ನಿನ್ನಂಥೋನಿಗೆ ಏನು ಮಾಡ್ಬೇಕೋ ನಾನು ಮಾಡ್ತೀನಿ" ಎಂದರು.

ಮಾತು ಕೇಳಿದವನಿಗೆ ಇನ್ನೇನು ಅರ್ಥವಾದೀತು? ಕರಾರು ಮುಂದುವರಿಯಿತು ಎಂದೇ ದುಂಡಪ್ಪ ತಿಳಿದ. ಬರುವಾಗ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದು ಚೇತನಾಳ ಮೇಜಿನ ಮೇಲಿಟ್ಟ.

"ನಾ ಬಿಲ್ ಬರಿಯಾಕಿ ಅಲ್ರಿ ಅಣ್ಣಾ" ಎಂದಳು ಅವಳು, ಬಜ್ಜಿ ಮುಟ್ಟದೆ.

"ಒಂದ್ ಮಾತಿಗಿ ಅಂದೆ ತಂಗಿ. ಶೆಡ್ಡ ಉಳೀಬೇಕಿತ್ತಲ್ಲ. ನಿಮ್ಮ ಉಪಕಾರ ಮರಿಯಂಗಿಲ್ಲ."

"ಉಪಕಾರ ಮರೀಬ್ಯಾಡ್ರಿ ಅಂತ ಯಾರ ಅಂದ್ರು? ಹೆಸರ ಹೇಳ್ರಿ ಅಂದೆ." ಅಷ್ಟು ಹೇಳಿ ಅವಳು ಯಾರದೋ ಪ್ರಾಜೆಕ್ಟ್ ರಿಪೋರ್ಟಿನ ಮೂವತ್ತನೆಯ ಪುಟಕ್ಕೆ ತಿರುಗಿದಳು. ದುಂಡಪ್ಪನಿಗೆ ಒಳಗೆ ಚುರುಕ್ಕೆಂದಿತು. ನಾಚಿಕೆಯಾಯಿತು. ಆದರೆ ಶೆಡ್ಡು ಉಳಿದ ಸಂತೋಷ ದೊಡ್ಡದಿತ್ತು, ನಾಚಿಕೆ ಅದರ ಕೆಳಗೆ ಸಿಕ್ಕಿಕೊಂಡು ಸುಮ್ಮನಾಯಿತು.

ಮುಂದಿನ ನಾಲ್ಕು ದಿನ ಗೌಡರು ಹಾಲಿನ ಬೂತಿನಲ್ಲಿ, ಕೆರೆಯ ಏರಿಯ ಮೇಲೆ ವಾಕಿಂಗ್ ಹೋದಲ್ಲಿ, ನಾಗರಬಾವಿಯ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ದುಂಡಪ್ಪನ ಕೈಯನ್ನು ಬಡಿಸುತ್ತಾ ಬಂದರು. ಹಾಲಿನ ಬೂತಿನಲ್ಲಿ ದುಂಡಪ್ಪ ಚಕ್ರ ಬಿಚ್ಚಿ ಕೈ ಇಟ್ಟಿದ್ದ. ಕೆರೆಯ ಏರಿಗೆ ಬರುವ ಹೊತ್ತಿಗೆ ಚಕ್ರ ಬಿಚ್ಚಿರಲೇ ಇಲ್ಲ. ಪಂಕ್ತಿಯಲ್ಲಿ ಪಾಯಸ ಬರುವ ವೇಳೆಗೆ ಕಣ್ಣು ಮುಚ್ಚಿಕೊಂಡಿದ್ದ. ಒಬ್ಬ ರಿಟೈರ್ಡ್ ಮೇಷ್ಟ್ರು ತಮ್ಮ ಸ್ಕೂಟರನ್ನು ತಳ್ಳಿಕೊಂಡು ಬಂದು, "ಬಿಚ್ಚೋದೇನೂ ಬೇಡಪ್ಪ, ಸುಮ್ನೆ ಒಂದ್ಸಲ ಕೈ ಇಡು" ಎಂದು ಕೇಳಿದರು. ದುಂಡಪ್ಪ ಬೋಣಿ ಎಂದುಕೊಂಡು ಕೈ ಇಟ್ಟ, ಆಮೇಲೆ ಮರ್ಯಾದೆಯಾಗಿ ಪ್ಲಗ್ಗು ಬದಲಾಯಿಸಿದ. ಸ್ಕೂಟರು ಹೊರಟದ್ದು ಕೈಯಿಂದ ಎಂದೇ ಮೇಷ್ಟ್ರು ನಂಬಿಕೊಂಡು ಹೋದರು.

ಶನಿವಾರ ಬೆಳಿಗ್ಗೆ ಗೌಡರು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಭಾಮೈದ ದೊಡ್ಡಹನುಮಯ್ಯನೂ ಇದ್ದ. ಇಸ್ತ್ರಿ ಮಾಡಿದ ಷರ್ಟು, ಎರಡು ಮೊಬೈಲು. ಅವನು ದುಂಡಪ್ಪನ ಕೈಗಳನ್ನು ಹೆಣ್ಣು ನೋಡಲು ಬಂದವರ ಹಾಗೆ ವಾರೆಗಣ್ಣಿನಿಂದ ನೋಡುತ್ತಾ ನಿಂತ.

"ನೋಡಯ್ಯ, ನಾನು ಮಾತು ಕೊಟ್ಟಿದ್ದೆ, ಉಳಿಸ್ಕಂಡೆ" ಎಂದರು ಗೌಡರು. "ಇಂಥಾ ಕೈ ಇಟ್ಕಂಡು ನೀನು ಈ ತಗಡಿನ ಶೆಡ್ಡಲ್ಲಿ ಕೊಳೀಬಾರ್ದು. ಇವನ ವರ್ಕ್‌ಶಾಪಲ್ಲಿ ನಿನ್ನ ಬ್ರೇಕಿಗೆ ಹೆಡ್ ಮೆಕ್ಯಾನಿಕ್ ಮಾಡ್ಸಿದೀನಿ. ಸೋಮವಾರದಿಂದ. ದೊಡ್ಡ ದೊಡ್ಡ ಕಾರೇ ಬರೋದು ಅಲ್ಲಿಗೆ, ಎಲ್ಲಾ ಬಟನ್ನಿನವೇ. ಇವನ ಹುಡುಗ್ರು ಕಂಪ್ಯೂಟರ್ ಹಿಡ್ಕಂಡು ಒದ್ದಾಡ್ತಾ ಕೂತವ್ರೆ."

"ಮತ್ತ... ಶೆಡ್ಡ್ರಿ?"

"ಅದರ ಯೋಚನೆ ನಿನಗ್ಯಾಕೆ? ಬೇಕರಿಯವನ ತಾವ ನೆನ್ನೆನೇ ಅಡ್ವಾನ್ಸ್ ಇಸ್ಕಂಡೆ."

ದುಂಡಪ್ಪನ ಕೈಯಲ್ಲಿದ್ದ ಪಾನಾ ನೆಲಕ್ಕೆ ಬಿತ್ತು. ಶೆಡ್ಡು ಉಳಿಸಿಕೊಳ್ಳಲು ಹೇಳಿದ ಒಂದು ಸುಳ್ಳು ಶೆಡ್ಡನ್ನೇ ನುಂಗಿತ್ತು. ಅವನಿಗೆ ನಿಜವಾಗಿ ಭಯವಾಯಿತು. ಭಯದಲ್ಲಿ ಮನುಷ್ಯನಿಗೆ ಸತ್ಯ ಹೇಳುವುದು ಎಷ್ಟು ಸಲೀಸು!

"ಗೌಡ್ರ, ನಾ ಒಂದ್ ಮಾತು ಹೇಳ್ಬೇಕ್ರಿ. ಆ ಬ್ರೇಕ್ ನಾ ಮಾಡಿದ್ದಲ್ರಿ. ನನಗ ಆ ಮೋಟರಿಂದು ಏನೂ ಗೊತ್ತಿಲ್ರಿ. ಕಂಪ್ಯೂಟರಿನಿಂದನ ಆಗಿದ್ದು. ಆಕಿ ಮಾಡಿದ್ಲು, ಚೇತನಾ."

ಗೌಡರು ಭಾಮೈದನ ಕಡೆ ತಿರುಗಿದರು. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ನೋಡಿದ್ಯೇನೋ? ಹೇಳ್ಲಿಲ್ವಾ ನಾನು? ಒಂದು ಚೂರು ಜಂಬ ಇಲ್ಲ. ನಿಜವಾಗಿ ಕೆಲಸ ಗೊತ್ತಿರೋನು ಯಾವತ್ತೂ ಹಿಂಗೇ ಕಣೋ ಹೇಳೋದು. ನಿನ್ನ ಹುಡುಗ್ರಿಗೆ ಸ್ಕ್ರೂಡ್ರೈವರ್ ಕೊಟ್ರೆ ಇಂಜಿನಿಯರ್ ಅಂತಾರೆ."

"ಅಯ್ಯೋ ಖರೇನ ಹೇಳ್ತೀನ್ರಿ!" ದುಂಡಪ್ಪ ಪಕ್ಕದ ಅಂಗಡಿಗೆ ಓಡಿ, ಚೇತನಾಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದ. "ಹೇಳ್ರಿ ತಂಗಿ, ಯಾರ ಮಾಡಿದ್ದು ಹೇಳ್ರಿ ಇವ್ರಿಗೆ."

ಚೇತನಾ ಸೀರೆಯ ಸೆರಗು ಸರಿಮಾಡಿಕೊಂಡಳು. "ಸಾರ್, ಪ್ಯಾಡ್ ಹಾಕಿದ್ದು ಅಣ್ಣ. ಮೋಟರನ್ನ ಹಿಂದಕ್ಕೆ ಕಳಿಸಿ ಮತ್ತೆ ವಾಪಸ್ ತಂದಿದ್ದು ಲ್ಯಾಪ್‌ಟಾಪಿಂದ, ನಾನು. ಆ ಪ್ರಿಂಟ್ ಇನ್ನೂ ನನ್ನ ಹತ್ರ ಇದೆ, ತೋರಿಸ್ಲಾ?"

"ನೀನು ಬಿಲ್ ಬರಿಯಕ್ಕೆ ಬಂದಿದ್ದೋಳಲ್ವೇನಮ್ಮ?" ಎಂದರು ಗೌಡರು, ಬಹಳ ಪ್ರೀತಿಯಿಂದ. "ಇವನೇ ಹೇಳಿದ್ನಲ್ಲ ಅವತ್ತು, ನನ್ನ ಎದುರಿಗೆ."

ಚೇತನಾ ದುಂಡಪ್ಪನ ಕಡೆ ನೋಡಿದಳು. ಅಲ್ಲಿ ಗ್ರೀಸಿನ ಡಬ್ಬಿ ಇರಲಿಲ್ಲ, ಅವನು ನೆಲ ನೋಡಿದ.

"ಅವತ್ತ ಸುಳ್ಳ ಹೇಳಿದ್ದೆರಿ" ಎಂದ.

"ಅವತ್ತು ಸುಳ್ಳು ಹೇಳಕ್ಕೆ ನಿನಗೇನಯ್ಯ ಬಂದಿತ್ತು? ಈವತ್ತು ಹೇಳ್ತಾ ಇದೀಯ, ಶೆಡ್ಡು ಬಿಡಕ್ಕೆ ಮನಸಿಲ್ಲ, ಅದಕ್ಕೆ." ಗೌಡರ ಕಣ್ಣು ತುಂಬಿ ಬಂದವು. "ನೋಡೋ ಹನುಮಯ್ಯ, ಇವನಿಗೋಸ್ಕರ ಈ ಹೆಣ್ಣುಮಗಳು ಕೂಡ ಬ್ರೇಕು ನಾನೇ ಮಾಡ್ದೆ ಅಂತವ್ಳೆ ಪಾಪ. ಸೀರೆ ಉಟ್ಕಂಡು! ಇಂಥಾ ಅಕ್ಕಪಕ್ಕದೋರು ಈ ಕಾಲದಲ್ಲಿ ಯಾರಿಗೆ ಸಿಗ್ತಾರೆ?"

"ಸಾರ್, ನಾನು..." ಎಂದು ಚೇತನಾ ಶುರುಮಾಡಿದಳು. ದೊಡ್ಡಹನುಮಯ್ಯನ ಒಂದು ಮೊಬೈಲು ಹೊಡೆದುಕೊಂಡಿತು, ಅವನು ಅವಳಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದ.

ದುಂಡಪ್ಪನ ಹತ್ತಿರ ಇನ್ನು ಒಂದೇ ಒಂದು ಸಾಕ್ಷಿ ಉಳಿದಿತ್ತು. ಅದನ್ನು ಅವನು ಹೆಂಡತಿಗೂ ಸರಿಯಾಗಿ ಹೇಳಿದವನಲ್ಲ. "ಗೌಡ್ರ, ನನಗ ಇಂಗ್ಲಿಷ್ ಒಂದಕ್ಷರ ಓದಾಕ ಬರಂಗಿಲ್ರಿ. ಡಬ್ಬಿ ಮ್ಯಾಲ ಏನ್ ಬರದಾರ ಅಂತ ಬಣ್ಣ ನೋಡಿ ಗುರುತು ಹಿಡೀತೀನ್ರಿ. ನಾ ಆ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ಲಿ?"

ಗೌಡರು ಎರಡು ಹೆಜ್ಜೆ ಮುಂದೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು.

"ಅದಕ್ಕೇ ಕಣಯ್ಯ!" ಎಂದರು. "ಅದಕ್ಕೇ ನಾನು ಹೇಳೋದು! ಓದಿದೋರ ಕೈಲಿ ಮೂರು ದಿನ ಆಗ್ದಿದ್ದು, ಒಂದಕ್ಷರ ಬರದೆ ನೀನು ಮಧ್ಯಾಹ್ನದೊಳಗೆ ಮಾಡ್ದೆ. ಇನ್ನೇನು ಬೇಕು? ನೀನೇನೂ ಓದ್ಬೇಡ. ನಾನು ಹೇಳಿದೀನಿ ಅವ್ರಿಗೆ."

ಅವರು ಹೋದ ಮೇಲೆ ದುಂಡಪ್ಪ ನೆಲಕ್ಕೆ ಬಿದ್ದಿದ್ದ ಪಾನಾ ಎತ್ತಿ ಒರೆಸಿ ಅದರ ಜಾಗದಲ್ಲಿಟ್ಟ. ಚೇತನಾ ಬಾಗಿಲಲ್ಲಿ ನಿಂತಿದ್ದಳು.

"ನೀವೂ ಬರ್ರಿ ತಂಗಿ ಸೋಮವಾರ. ಅಲ್ಲೆ ಕಂಪ್ಯೂಟರ್ ಐತಂತ. ನೀವು ಓದಿ ಹೇಳ್ರಿ, ನಾ ಕೆಲಸ ಮಾಡ್ತೀನಿ. ಎಲ್ಲಾರಿಗೂ ನಿಮ್ಮ ಹೆಸರ ಹೇಳ್ತೀನಿ, ದೇವರಾಣಿ."

"ಹೇಳಿದ್ರಲ್ಲ ಈಗ" ಎಂದಳು ಚೇತನಾ. ಅವಳಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. "ಹೇಳಬೇಕಾದಾಗ ಒಂದ್ ಮಾತಿನಾಗ ಮುಗೀತಿತ್ತು. ಈಗ ನೂರು ಸಲ ಹೇಳಿದ್ರೂ ನನ್ನ ಯಾರ ನಂಬ್ತಾರ್ರಿ?" ಅಂಗಡಿಯ ಮುಂದೆ ಇಬ್ಬರು ವಿದ್ಯಾರ್ಥಿಗಳು ಕಾಯುತ್ತಿದ್ದರು, ಅವಳು ಹೋದಳು.

ಸೋಮವಾರ ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಕಾರುಗಳು ನೆಲಬಿಟ್ಟು ಕಂಬದ ಮೇಲೆ ನಿಂತಿದ್ದವು. ನೆಲದ ಮೇಲೆ ಒಂದು ತೊಟ್ಟು ಎಣ್ಣೆಯಿರಲಿಲ್ಲ. ದುಂಡಪ್ಪನಿಗೆ ನೀಲಿ ಬಟ್ಟೆ ಹಾಕಿಸಿ, ಅವನ ಹೆಸರಿನ ಪಟ್ಟಿ ಎದೆಗೆ ಚುಚ್ಚಿದರು. ಅದರಲ್ಲಿ ಏನು ಬರೆದಿದೆ ಎಂದು ಅವನು ಕೇಳಲಿಲ್ಲ. ಗೌಡರ ಕಾರಿನ ಜಾತಿಯದ್ದೇ ಇನ್ನೊಂದು ಕಾರು, ಹಿಂದಿನ ಚಕ್ರ ಬಿಚ್ಚಿಕೊಂಡು, ಅವನಿಗಾಗಿಯೇ ಕಾಯುತ್ತಿತ್ತು. ಪಕ್ಕದಲ್ಲಿ ಟ್ರಾಲಿಯ ಮೇಲೆ ಕಂಪ್ಯೂಟರು. ಹತ್ತು ಜನ ಮೆಕ್ಯಾನಿಕ್ಕುಗಳು ಸುತ್ತ ನಿಂತಿದ್ದರು. ದೊಡ್ಡಹನುಮಯ್ಯ ಗಾಜಿನ ಕೋಣೆಯಿಂದ ಹೊರಗೆ ಬಂದು ಕೈಕಟ್ಟಿ ನಿಂತ.

ಎರಡು ರಾತ್ರಿ ನಿದ್ದೆಗೆಟ್ಟು ದುಂಡಪ್ಪ ಒಂದು ನಿಶ್ಚಯಕ್ಕೆ ಬಂದಿದ್ದ. ಇಲ್ಲಿ ಗೌಡರಿಲ್ಲ. ಇವರು ಕೆಲಸ ಬಲ್ಲವರು, ತನ್ನ ಕುಲದವರು. ಇವರಿಗೆ ಅರ್ಥವಾಗುತ್ತದೆ. ಮೊದಲ ದಿನವೇ ಬಯ್ದು ಕಳಿಸಿದರೂ ಸರಿ, ನಾಗರಬಾವಿಯ ಕಡೆ ಒಂದು ಮರದ ನೆರಳು ಹುಡುಕಿಕೊಂಡರಾಯಿತು. ಅವನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, ಕಂಪ್ಯೂಟರಿನ ಕಡೆ ಕೈ ತೋರಿಸಿ ಹೇಳಿದ:

"ಇದು ನನಗ ಗೊತ್ತಿಲ್ರಪ್ಪಾ. ಯಾರರ ಗೊತ್ತಿದ್ದವ್ರು ಮೊದಲ ಇದರಾಗಿಂದ ಮೋಟರ್ ಹಿಂದಕ್ಕ ಕಳಸ್ರಿ. ಇಲ್ಲಾಂದ್ರ ನಾ ಮುಟ್ಟಂಗಿಲ್ಲ."

ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನಂತೆ ಕಂಡ ಒಬ್ಬ ಮೆಲ್ಲಗೆ, "ಸಾರ್ ಮೊದಲೇ ಹೇಳಿದ್ರಲ್ಲ, ಇವ್ರು ಹೀಗೇ ಅಂತಾರೆ ಅಂತ" ಎಂದ. ದೊಡ್ಡಹನುಮಯ್ಯ ಅರ್ಥವಾದವನಂತೆ ತಲೆಯಾಡಿಸಿದ.

"ಏ, ಅವ್ರ ಮುಂದೆ ಅದನ್ಯಾಕ್ರೋ ಇಟ್ಟಿದೀರ? ತೆಗೀರಿ" ಎಂದ.

ಒಬ್ಬ ಬಂದು ಕಂಪ್ಯೂಟರಿನ ವೈರು ಕಿತ್ತು ಸುತ್ತಿಕ್ಕಿ, ಟ್ರಾಲಿಯನ್ನು ಗೋಡೆಯ ಕಡೆಗೆ ತಳ್ಳಿಕೊಂಡು ಹೋದ. ಉಳಿದವರು ದುಂಡಪ್ಪನ ಕೈಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತರು.